ಗೋಪುರ ಬಿಡಿ, ಇಳಿಜಾರು ನೋಡಿ

ಸಿವಿಲ್ ಬ್ರಾಂಚಿನವರಿಗೆ ‘ಸ್ಕೀ ಜಂಪ್ ಬಕೆಟ್’ ಅನ್ನೋ ಪದ ಹೊಸದಲ್ಲ. ಅಣೆಕಟ್ಟಿನ ಸ್ಪಿಲ್‌ವೇ ಮೇಲಿಂದ ರಭಸವಾಗಿ ಇಳಿದು ಬರುವ ನೀರನ್ನು ಬುಡದಲ್ಲಿ ಮೇಲಕ್ಕೆ ತಿರುಗಿಸಿ, ಅಣೆಕಟ್ಟಿನ ಪಾದದಿಂದ ಆದಷ್ಟು ದೂರಕ್ಕೆ ಎಸೆಯುವ ಕಾಂಕ್ರೀಟ್ ಬಾಗು ಅದು. ಚಿತ್ರ ಬರೆದು, ಲೇಬಲ್ ಹಾಕಿ, ಅಂಕ ತಗೊಂಡು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆ ಹೆಸರು ಯಾವುದರಿಂದ ಬಂತೋ ಆ ಸ್ಕೀ ಜಂಪ್ ಗುಡ್ಡದ ಬಗ್ಗೆ ಮಾತ್ರ ಯಾರೂ ಕೇಳಲ್ಲ, ಯಾರೂ ಹೇಳಲ್ಲ. ಉಳಿದ ಬ್ರಾಂಚಿನವರಿಗೆ ಅಷ್ಟೂ ಇಲ್ಲ. ಚಳಿಗಾಲದ ಒಲಿಂಪಿಕ್ಸ್ ಬಂದಾಗ ಮೊಬೈಲಿನಲ್ಲಿ ಹತ್ತು ಸೆಕೆಂಡಿನ ವಿಡಿಯೊ: ಯಾರೋ ಒಬ್ಬರು ದೈತ್ಯ ಗೋಪುರದಿಂದ ಜಾರಿ ಬಂದು, ಗಾಳಿಯಲ್ಲಿ ಮಲಗಿದ ಹಾಗೆ ತೇಲಿ, ಎಲ್ಲೋ ಕೆಳಗೆ ಇಳಿದರು. “ಹುಚ್ಚರಪ್ಪಾ” ಅಂದು ಮುಂದಿನ ವಿಡಿಯೊಗೆ ಹೋಗ್ತೀವಿ.

ಅವರು ಹುಚ್ಚರಲ್ಲ. ಅವರು ಹುಚ್ಚರಾಗದಂತೆ ನೋಡಿಕೊಂಡಿರೋದು ಆ ಗುಡ್ಡ. ಸ್ಕೀ ಜಂಪ್ ಗುಡ್ಡವನ್ನು ಮೆಚ್ಚಬೇಕಾದ್ದು ಅದು ಮನುಷ್ಯನನ್ನು ಎಷ್ಟು ಎತ್ತರಕ್ಕೆ ಹತ್ತಿಸುತ್ತೆ ಅನ್ನೋದಕ್ಕಲ್ಲ, ಅವನನ್ನು ಹೇಗೆ ಇಳಿಸುತ್ತೆ ಅನ್ನೋದಕ್ಕೆ. ಎಲ್ಲರ ಕಣ್ಣೂ ಗೋಪುರದ ಮೇಲೆ, ಎಂಜಿನಿಯರಿಂಗ್ ಇರೋದು ಇಳಿಜಾರಿನಲ್ಲಿ. ಈ ಮಾತು ಆಟಗಾರನಿಗೆ ಎಷ್ಟು ನಿಜವೋ, ಆ ಗುಡ್ಡಕ್ಕೆ ಸುರಿದ ದುಡ್ಡಿಗೂ, ಅದರ ಬಾಗಿಲಲ್ಲಿ ನಿಂತು ಒಳಗೆ ಬರಲು ಕೇಳಿದವರಿಗೂ ಅಷ್ಟೇ ನಿಜ ಅನ್ನೋದು ನನ್ನ ವಾದ.

ನಲವತ್ತೈದು ಡಿಗ್ರಿ ಅಂದಿರಾ?

ಮೊದಲು ಗುಡ್ಡದ ಅಂಗಾಂಗಗಳು. ಮೇಲಿನ ಜಾರುದಾರಿಗೆ ಇನ್‌ರನ್ ಅಂತಾರೆ. ಅದರ ತುದಿ ಟೇಬಲ್, ಅಂದರೆ ಜಿಗಿಯುವ ಜಾಗ. ಅದರ ಕೆಳಗೆ ಗುಡ್ಡ ಸ್ವಲ್ಪ ಉಬ್ಬಿ, ಆಮೇಲೆ ಕಡಿದಾಗಿ ಇಳಿಯುತ್ತೆ. ಅದು ಲ್ಯಾಂಡಿಂಗ್ ಇಳಿಜಾರು. ಕೊನೆಗೆ ನಿಧಾನವಾಗಿ ಬಾಗಿ ಸಮತಟ್ಟಾಗುವ ಜಾಗ ಔಟ್‌ರನ್, ಬ್ರೇಕ್ ಹಾಕಿ ನಿಲ್ಲೋದು ಅಲ್ಲಿ. ಆಟಗಾರನ ಹತ್ತಿರ ಎಂಜಿನ್ ಇಲ್ಲ, ಕೈಯಲ್ಲಿ ಕೋಲೂ ಇಲ್ಲ. ದೊಡ್ಡ ಗುಡ್ಡಗಳಲ್ಲಿ ಟೇಬಲ್ ತಲುಪುವಾಗ ವೇಗ ಗಂಟೆಗೆ ಸುಮಾರು 90 ಕಿಲೋಮೀಟರ್, ಅಂದರೆ ಸೆಕೆಂಡಿಗೆ 25 ಮೀಟರ್. ಘರ್ಷಣೆ ಇಲ್ಲ ಅಂದುಕೊಂಡರೆ ಅಷ್ಟು ವೇಗಕ್ಕೆ 32 ಮೀಟರ್ ಎತ್ತರ ಸಾಕು. ಹಿಮ ಮತ್ತು ಗಾಳಿ ತಮ್ಮ ಪಾಲು ತಿನ್ನೋದರಿಂದ ಅದಕ್ಕಿಂತ ಹೆಚ್ಚು ಬೇಕಾಗುತ್ತೆ. ಗೋಪುರ ಅಷ್ಟೆತ್ತರ ನಿಂತಿರೋದು ಇದಕ್ಕೇ ಹೊರತು ಮೇಲಿಂದ ‘ಬೀಳೋದಕ್ಕೆ’ ಅಲ್ಲ.

ಈಗ ಒಂದು ಪ್ರಶ್ನೆ. ಟೇಬಲ್ ಯಾವ ಕೋನದಲ್ಲಿ ಇರಬೇಕು? ಪಿಯುಸಿ ಫಿಸಿಕ್ಸ್ ನೆನಪಿರೋರು ಕಣ್ಣು ಮುಚ್ಚಿಕೊಂಡು 45 ಡಿಗ್ರಿ ಅಂತಾರೆ. ಸ್ಪಿಲ್‌ವೇ ಬಕೆಟ್ ನೆನಪಿರೋರೂ “ಮೇಲ್ಮುಖವಾಗಿ” ಅಂತಾರೆ. ನಿಜದಲ್ಲಿ ದೊಡ್ಡ ಗುಡ್ಡಗಳ ಟೇಬಲ್ ಸುಮಾರು 10–11 ಡಿಗ್ರಿ ಕೆಳಮುಖವಾಗಿ ಇರುತ್ತೆ. ಹೌದು, ಕೆಳಮುಖ. ಆಟಗಾರ ತನ್ನ ಕಾಲಿನ ಬಲದಿಂದ ಕ್ಷಣಾರ್ಧದಲ್ಲಿ ಪುಟಿದು ಆ ಇಳಿಕೆಯನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸಿಕೊಳ್ತಾನೆ, ಅಷ್ಟೇ. ನಮ್ಮ ಪಠ್ಯಪುಸ್ತಕದ ಬಕೆಟ್ಟು ನೀರನ್ನು ಮೇಲಕ್ಕೆ ಚಿಮ್ಮಿಸುತ್ತೆ, ಅದಕ್ಕೆ ಹೆಸರು ಕೊಟ್ಟ ಗುಡ್ಡ ಮನುಷ್ಯನನ್ನು ಮೇಲಕ್ಕೆ ಚಿಮ್ಮಿಸೋದೇ ಇಲ್ಲ!

ಯಾಕೆ ಹೀಗೆ? ನೀರು ಬಿದ್ದು ಚೂರಾದರೆ ನಮಗೆ ಲಾಭ, ಅದರ ಶಕ್ತಿ ಕರಗಲಿ ಅಂತಾನೇ ಎಸೆಯೋದು. ಮನುಷ್ಯ ಬಿದ್ದು ಚೂರಾಗಬಾರದು. ಮೇಲಕ್ಕೆ ಎಸೆದಷ್ಟೂ ಬೀಳುವ ಎತ್ತರ ಹೆಚ್ಚು. ಅದಕ್ಕೆ ಗುಡ್ಡ ಮಾಡುವವರು ಎತ್ತರದ ಆಸೆ ಬಿಟ್ಟು, ನೆಲವನ್ನೇ ಹಾರಾಟದ ದಾರಿಗೆ ಸಮಾನವಾಗಿ ಕೆಳಗೆ ಇಳಿಸುತ್ತಾ ಹೋಗ್ತಾರೆ. ಟಿವಿಯಲ್ಲಿ ಆಕಾಶದಲ್ಲಿ ಹಾರಿದ ಹಾಗೆ ಕಂಡರೂ, ಆ ನೂರಿಪ್ಪತ್ತು ಮೂವತ್ತು ಮೀಟರ್ ದೂರದುದ್ದಕ್ಕೂ ಆಟಗಾರನ ಕೆಳಗಿನ ನೆಲ ಇರೋದು ಕೆಲವೇ ಮೀಟರ್ ದೂರದಲ್ಲಿ. ಸಿವಿಲ್‌ನವರೇ, ಇದಕ್ಕೆ ನಿಜವಾದ ಹೋಲಿಕೆ ಬಕೆಟ್ ಅಲ್ಲ, ಓಜೀ ಸ್ಪಿಲ್‌ವೇ. ತೆಳು ಗೋಡೆ ದಾಟಿ ಬೀಳುವ ನೀರಿನ ಹಾಳೆಯ ಕೆಳಮೈ ಯಾವ ಆಕಾರದಲ್ಲಿ ಬಾಗುತ್ತೋ ಅದೇ ಆಕಾರಕ್ಕೆ ಕಾಂಕ್ರೀಟ್ ಕಟ್ತೀವಲ್ಲ, ಅದೇ ಬುದ್ಧಿ ಇಲ್ಲೂ ಕೆಲಸ ಮಾಡಿದೆ.

ಮುಕ್ಕಾಲು ಮೀಟರಿನ ಲೆಕ್ಕ

ಇದನ್ನು ನಂಬೋಕೆ ಒಂದು ಚಿಕ್ಕ ಲೆಕ್ಕ ಮಾಡೋಣ. ಕ್ಯಾಲ್ಕುಲೇಟರ್ ತಗೊಳ್ಳಿ. ಉದಾಹರಣೆಗೆ, ಇಳಿಯುವ ಕ್ಷಣದಲ್ಲಿ ಆಟಗಾರನ ವೇಗ ಸೆಕೆಂಡಿಗೆ 28 ಮೀಟರ್, ಅವನ ಹಾರಾಟದ ದಾರಿ ಅಡ್ಡಗೆರೆಗಿಂತ 42 ಡಿಗ್ರಿ ಕೆಳಕ್ಕೆ, ಆ ಜಾಗದಲ್ಲಿ ಇಳಿಜಾರು 34 ಡಿಗ್ರಿ ಅಂತ ಇಟ್ಟುಕೊಳ್ಳಿ. ಎರಡರ ನಡುವಿನ ವ್ಯತ್ಯಾಸ ಬರೀ 8 ಡಿಗ್ರಿ. ನೆಲಕ್ಕೆ ಲಂಬವಾಗಿ ಬಡಿಯುವ ವೇಗ 28 ಗುಣಿಸು ಸೈನ್ 8, ಅಂದರೆ ಸುಮಾರು 3.9. ಇದನ್ನು ಎತ್ತರಕ್ಕೆ ಬದಲಾಯಿಸಿದರೆ ಮುಕ್ಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು, 0.78 ಮೀಟರ್. ಹಾಸ್ಟೆಲ್ ರೂಮಿನ ಓದುವ ಮೇಜಿನ ಮೇಲಿಂದ ಕೆಳಕ್ಕೆ ಹಾರಿದಷ್ಟು.

ಅದೇ ಆಟಗಾರ, ಅದೇ ವೇಗ, ಅದೇ ಕೋನ. ಆದರೆ ನೆಲ ಸಮತಟ್ಟಾಗಿದ್ದಿದ್ದರೆ? ಲಂಬ ವೇಗ 28 ಗುಣಿಸು ಸೈನ್ 42, ಅಂದರೆ 18.7. ಎತ್ತರಕ್ಕೆ ಬದಲಾಯಿಸಿದರೆ ಸುಮಾರು 18 ಮೀಟರ್. ಆರು ಮಹಡಿ ಕಟ್ಟಡದ ತಾರಸಿ. ಒಂದು ಕಡೆ ಮೇಜು, ಇನ್ನೊಂದು ಕಡೆ ಆರು ಮಹಡಿ. ಈ ಎರಡರ ನಡುವೆ ಇರೋದು ಧೈರ್ಯ ಅಲ್ಲ, ದೇವರ ದಯೆ ಅಲ್ಲ. ಇಳಿಜಾರಿನ ಆಕಾರ, ಅಷ್ಟೇ.

ಹಾಗಂತ ಆಟ ಅಪಾಯ ಇಲ್ಲದ್ದು ಅಂತ ಹೇಳ್ತಿಲ್ಲ. ಗುಡ್ಡದ ಈ ಕರುಣೆಗೆ ಒಂದು ಎಲ್ಲೆ ಇದೆ. ತೀರಾ ದೂರ ಹಾರಿದರೆ ಇಳಿಜಾರು ಮುಗಿದು ನೆಲ ಸಮತಟ್ಟಾಗೋಕೆ ಶುರುವಾಗುತ್ತೆ, ಕೋನದ ವ್ಯತ್ಯಾಸ ಏರುತ್ತೆ, ಮೇಜು ಮಹಡಿಯಾಗುತ್ತೆ. ಅದಕ್ಕೇ ಪ್ರತಿ ಗುಡ್ಡಕ್ಕೂ ‘ಕೆ ಪಾಯಿಂಟ್’ ಅಂತಲೂ ‘ಹಿಲ್ ಸೈಜ್’ ಅಂತಲೂ ಎರಡು ಗುರುತು. ದೊಡ್ಡ ಗುಡ್ಡದಲ್ಲಿ ಕೆ ಪಾಯಿಂಟ್ ಮುಟ್ಟಿದರೆ ದೂರಕ್ಕೆ 60 ಅಂಕ, ಅದರಾಚೆಗಿನ ಪ್ರತಿ ಮೀಟರಿಗೂ 1.8 ಅಂಕ ಸೇರುತ್ತೆ, ಈಚೆಗಾದರೆ ಕಳೆಯುತ್ತೆ. ಹಿಲ್ ಸೈಜ್ ಅನ್ನೋದು ಇಲ್ಲಿಯವರೆಗೆ ಕ್ಷೇಮ ಅನ್ನೋ ಗೆರೆ. ಆಟಗಾರರು ಪದೇ ಪದೇ ಅದರ ಹತ್ತಿರ ಬರೋಕೆ ಶುರುವಾದರೆ ತೀರ್ಪುಗಾರರು ಮೇಲೆ ಹೋಗಿ ಯಾರನ್ನೂ ಬೈಯಲ್ಲ. ಕೂತು ಹೊರಡುವ ಅಡ್ಡಪಟ್ಟಿಯನ್ನು, ಅಂದರೆ ಗೇಟನ್ನು, ಒಂದೆರಡು ಮೆಟ್ಟಿಲು ಕೆಳಗಿಳಿಸ್ತಾರೆ. ಎತ್ತರ ಕಡಿಮೆ, ವೇಗ ಕಡಿಮೆ, ದೂರ ಕಡಿಮೆ.

ಗಾಳಿಯದ್ದು ಇನ್ನೊಂದು ಕಥೆ. ಓಟಗಾರನಿಗೆ ಎದುರುಗಾಳಿ ಶತ್ರು, ಇಲ್ಲಿ ಎದುರುಗಾಳಿಯೇ ಮಿತ್ರ. ಅದು ಕೆಳಗಿನಿಂದ ಎತ್ತಿ ಹಿಡಿಯುತ್ತೆ. ಹಿಂದಿನಿಂದ ಬೀಸಿದರೆ ನೆಲಕ್ಕೆ ಒತ್ತುತ್ತೆ. ಹಿಂದೆಲ್ಲ ಇದು ಅದೃಷ್ಟದ ಮಾತಾಗಿತ್ತು. ಕಳೆದ ಹದಿನೈದು ಚಿಲ್ಲರೆ ವರ್ಷಗಳಿಂದ ಇಳಿಜಾರಿನ ಪಕ್ಕದಲ್ಲಿ ಸೆನ್ಸರ್ ನೆಟ್ಟು, ಗಾಳಿಗೂ ಗೇಟಿಗೂ ಅಂಕ ಕೂಡಿ ಕಳೆದು ಸರಿಮಾಡ್ತಾರೆ. ಎಲೆಕ್ಟ್ರಾನಿಕ್ಸ್‌ನವರಿಗೆ ಇಲ್ಲೂ ಕೆಲಸ ಇದೆ ಅಂತ ಇದರರ್ಥ.

ಗಡಿಯಾರದವನು, ವಿಮಾನದವನು, ಮತ್ತೆ ಕಾಲು ಅಗಲಿಸಿದವನು

ಇಷ್ಟೆಲ್ಲ ತಾನಾಗೇ ಆಗಿಲ್ಲ. ಸ್ವಿಟ್ಜರ್‌ಲೆಂಡಿನ ರೈನ್‌ಹಾರ್ಡ್ ಸ್ಟ್ರೌಮನ್ ಎಂಬ ಎಂಜಿನಿಯರ್ 1920ರ ದಶಕದಲ್ಲೇ ಸ್ಕೀ ಜಿಗಿತವನ್ನು ವಿಂಡ್ ಟನೆಲ್‌ಗೆ ತಂದು ಅಳೆದ. ಗುಡ್ಡದ ಆಕಾರ ಹೇಗಿರಬೇಕು ಅನ್ನೋ ಲೆಕ್ಕಕ್ಕೆ ಅವನ ಕೆಲಸವೇ ಅಡಿಪಾಯ. ಮೂಲತಃ ಅವನು ಗಡಿಯಾರದ ಲೋಹದ ಮನುಷ್ಯ. ಉಷ್ಣತೆ ಬದಲಾದರೂ ಗಡಿಯಾರದ ಸಮಯ ತಪ್ಪದಂತೆ ನೋಡಿಕೊಳ್ಳುವ ನಿವಾರಾಕ್ಸ್ ಅನ್ನೋ ಸ್ಪ್ರಿಂಗ್ ಮಿಶ್ರಲೋಹ ಅವನದ್ದು. ಇವತ್ತು ಹಲ್ಲಿನ ಇಂಪ್ಲಾಂಟ್ ಮಾಡುವ ಸ್ಟ್ರೌಮನ್ ಕಂಪನಿ ಕೂಡ ಅವನು ಶುರುಮಾಡಿದ ಸಂಸ್ಥೆಯಿಂದಲೇ ಬೆಳೆದದ್ದು. ಸ್ವತಃ ಸ್ಕೀ ಜಿಗಿಯುತ್ತಿದ್ದ. “ನಮ್ಮ ಬ್ರಾಂಚ್ ಅಲ್ಲ ಇದು” ಅಂತ ಅವನು ಅಂದುಕೊಂಡಿದ್ದರೆ?

ಸ್ಲೊವೇನಿಯಾದ ಸ್ಟಾಂಕೊ ಬ್ಲೌಡೆಕ್ ವಿಮಾನ ವಿನ್ಯಾಸ ಮಾಡ್ತಿದ್ದವನು. ಅವನ ಹೆಸರಿನ ಪ್ಲಾನಿತ್ಸಾ ಗುಡ್ಡದಲ್ಲೇ 1936ರಲ್ಲಿ ಆಸ್ಟ್ರಿಯಾದ ಸೆಪ್ ಬ್ರಾಡ್ಲ್ 101 ಮೀಟರ್ ಹಾರಿ, ಮನುಷ್ಯ ಮೊದಲ ಬಾರಿಗೆ ಸ್ಕೀ ಮೇಲೆ ನೂರು ಮೀಟರ್ ದಾಟಿದ. ಆಮೇಲೆ 1980ರ ದಶಕದ ಕೊನೆಗೆ ಸ್ವೀಡನ್ನಿನ ಯಾನ್ ಬೊಕ್ಲೋವ್ ಬಂದ. ಎಲ್ಲರೂ ಸ್ಕೀಗಳನ್ನು ಜೋಡಿಸಿ ಹಿಡಿಯುತ್ತಿದ್ದಾಗ ಇವನು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಅಗಲಿಸಿ ಹಿಡಿದ. ನೋಡೋಕೆ ಚೆನ್ನಾಗಿಲ್ಲ ಅಂತ ತೀರ್ಪುಗಾರರು ಶೈಲಿಗೆ ಅಂಕ ಕತ್ತರಿಸಿದರು. ಆದರೂ 1988–89ರ ವಿಶ್ವಕಪ್ ಅವನೇ ಗೆದ್ದ. ಕೆಲವೇ ವರ್ಷಗಳಲ್ಲಿ ಎಲ್ಲರೂ ‘ವಿ’ ಆದರು. ಹಾರಾಟದ ದಾರಿ ಬದಲಾದ ಮೇಲೆ ಗುಡ್ಡಗಳೂ ಬದಲಾಗಬೇಕಾಯ್ತು. ಮನುಷ್ಯ ಹಾರುವ ರೀತಿ ಬದಲಾದರೆ ನೆಲ ತಿದ್ದಬೇಕೇ ಹೊರತು, ನೆಲ ಹೀಗಿದೆ ಅಂತ ಮನುಷ್ಯನನ್ನು ಹಿಡಿದಿಡೋದಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಓಸ್ಲೋದ ಗುಡ್ಡ ಬರೀ ಗುಡ್ಡ ಅಲ್ಲ

ಈಗ ಒಂದು ನಿಜವಾದ ಗುಡ್ಡಕ್ಕೆ ಹೋಗೋಣ. ನಾರ್ವೆಯ ರಾಜಧಾನಿ ಓಸ್ಲೋದ ಅಂಚಿನಲ್ಲಿರುವ ಹೊಲ್ಮೆನ್‌ಕೊಲೆನ್. ಅಲ್ಲಿ ಮೊದಲ ಸ್ಪರ್ಧೆ ನಡೆದದ್ದು 1892ರಲ್ಲಿ. ಅಂದಿನ ಅತಿ ದೂರದ ಜಿಗಿತ 21.5 ಮೀಟರ್. ಇವತ್ತಿನ ಗುಡ್ಡದ ಹಿಲ್ ಸೈಜ್ 134 ಮೀಟರ್. ನಡುವಿನ ಕಾಲದಲ್ಲಿ ಅದನ್ನು ಎತ್ತರಿಸಿದ್ದು, ಅಗೆದದ್ದು, ಒಡೆದು ಕಟ್ಟಿದ್ದು ಹತ್ತಾರು ಸಲ. 1922 ಮತ್ತು 1923ರಲ್ಲಿ ಆಗಿನ ಯುವರಾಜ ಓಲಾವ್, ಮುಂದೆ ದೇಶದ ರಾಜನಾದವನು, ಎಲ್ಲರ ಜೊತೆ ಸಾಲಲ್ಲಿ ನಿಂತು ಅಲ್ಲಿ ಜಿಗಿದಿದ್ದಾನೆ. 1952ರ ಒಲಿಂಪಿಕ್ಸ್ ಜಿಗಿತಕ್ಕೆ ಲಕ್ಷ ಮೀರಿ ಜನ ಸೇರಿದ್ದರು. 2011ರ ವಿಶ್ವ ಚಾಂಪಿಯನ್‌ಷಿಪ್‌ಗೋಸ್ಕರ ಹಳೆಯದನ್ನು ಪೂರ್ತಿ ಕೆಡವಿ, 2010ರಲ್ಲಿ ಈಗಿನ ಉಕ್ಕಿನ ಗುಡ್ಡ ತೆರೆದರು. ಗಾಳಿ ತಡೆಯುವ ಪರದೆಯನ್ನು ಆಮೇಲೆ ತಂದು ನಿಲ್ಲಿಸದೆ, ರಚನೆಯ ಭಾಗವಾಗೇ ಕಟ್ಟಿರೋದು ಅದರ ವಿಶೇಷ.

ಆದರೆ ನನಗೆ ಅದಕ್ಕಿಂತ ಇಷ್ಟವಾಗೋದು ಗುಡ್ಡದ ಸುತ್ತ ಇರುವ ವ್ಯವಸ್ಥೆ. 1923ರಿಂದಲೇ ಅಲ್ಲಿ ಒಂದು ಸ್ಕೀ ಮ್ಯೂಸಿಯಂ ಇದೆ, ಸ್ಕೀ ಬಗ್ಗೆ ಜಗತ್ತಿನಲ್ಲೇ ಅತಿ ಹಳೆಯದು. ಟಿಕೆಟ್ ತಗೊಂಡು ಲಿಫ್ಟಿನಲ್ಲಿ ಗೋಪುರದ ತುದಿಗೆ ಹೋದರೆ ಊರು, ಕಡಲ ಕವಲು ಎರಡೂ ಕಾಣುತ್ತೆ. ಹಗ್ಗದಲ್ಲಿ ಜಾರಿಕೊಂಡು ಇಳಿಯುವ ಜಿಪ್‌ಲೈನ್ ಇದೆ. ಪಕ್ಕದಲ್ಲೇ ಕಾಡಿನೊಳಗೆ ಸಾಮಾನ್ಯ ಜನ ಸ್ಕೀ ಮಾಡುವ ದಾರಿಗಳಿವೆ. ಹಿಂದೆ ಚಳಿಗಾಲದಲ್ಲಿ ಆಟಗಾರರು ಬಂದು ನಿಲ್ಲುತ್ತಿದ್ದ ಬುಡದ ತಗ್ಗು, ಬೇಸಿಗೆಯಲ್ಲಿ ನೀರು ತುಂಬಿ ಊರವರು ಈಜುವ ಕೊಳ ಆಗ್ತಿತ್ತು. ಒಂದೇ ಜಾಗ, ಎರಡು ಋತು, ಎರಡು ಕೆಲಸ.

ಮತ್ತೆ ರೈಲು. ಊರಿನಿಂದ ಆ ಬೆಟ್ಟದ ಕಡೆಗೆ ವಿದ್ಯುತ್ ರೈಲು ಓಡೋಕೆ ಶುರುವಾಗಿದ್ದು 1898ರಲ್ಲಿ. ಇವತ್ತು ಅದೇ ದಾರಿ ಓಸ್ಲೋ ಮೆಟ್ರೊದ ಒಂದನೇ ಲೈನ್. ಮೆಟ್ರೊದಲ್ಲಿ ಸ್ಕೀ ಹಿಡಿದು ನಿಂತವರು, ಪಕ್ಕದಲ್ಲಿ ಆಫೀಸಿಗೆ ಹೋಗುವವರು, ಇಬ್ಬರಿಗೂ ಅದೇ ಬೋಗಿ. ಸ್ಟೇಡಿಯಂ ಕಟ್ಟಿ ಆಮೇಲೆ ಪಾರ್ಕಿಂಗ್ ಎಲ್ಲಿ ಅಂತ ತಲೆ ಕೆರೆದುಕೊಳ್ಳುವ ಪೈಕಿ ಅಲ್ಲ ಇದು.

ಹಾಗಂತ ಹೊಲ್ಮೆನ್‌ಕೊಲೆನ್‌ಗೆ ಆರತಿ ಎತ್ತೋಕೆ ಕೂತಿಲ್ಲ. ಹೊಸ ಗುಡ್ಡದ ಖರ್ಚು ಮೊದಲ ಅಂದಾಜನ್ನು ಎಲ್ಲಿಯೋ ಬಿಟ್ಟು ಓಡಿತು, ಅಲ್ಲಿನ ಜನ ಸರಿಯಾಗೇ ಕೋಪಿಸಿಕೊಂಡರು. ಅಂದಾಜುಪಟ್ಟಿ ಮೀರೋದು ನಮ್ಮ ದೇಶದ ಸ್ವತ್ತು ಮಾತ್ರ ಅಲ್ಲ. ಆದರೂ ಒಂದು ವ್ಯತ್ಯಾಸ ಇದೆ. ದುಬಾರಿಯಾಗಿ ಕಟ್ಟಿ ದಿನಾ ಬಳಸೋದು ಒಂದು ತಪ್ಪು. ದುಬಾರಿಯಾಗಿ ಕಟ್ಟಿ ಬೀಗ ಹಾಕೋದು ಎರಡು ತಪ್ಪು.

ಬೀಗ ಬಿದ್ದ ಗುಡ್ಡ

ಎರಡನೇ ಜಾತಿಗೆ ಉದಾಹರಣೆ ಬೇಕಾದರೆ ಇಟಲಿಯ ಪ್ರಜೆಲಾಟೊ ನೋಡಿ. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್‌ಗೆ ಅಲ್ಲಿ ಹೊಸದಾಗಿ ಜಿಗಿತದ ಗುಡ್ಡಗಳನ್ನು ಕಟ್ಟಿದರು. ಸಾವಿರಕ್ಕೂ ಕಡಿಮೆ ಜನರಿರುವ ಪರ್ವತದ ಊರು. ಖರ್ಚು ಕೋಟಿಗಟ್ಟಲೆ ಯೂರೊ. ನಾರ್ವೆಯ ಲಾರ್ಸ್ ಬಿಸ್ಟೋಲ್, ಆಸ್ಟ್ರಿಯಾದ ಥಾಮಸ್ ಮಾರ್ಗನ್‌ಸ್ಟರ್ನ್ ಅಲ್ಲಿ ಚಿನ್ನ ಗೆದ್ದರು, ಪಟಾಕಿ ಹಾರಿತು, ಕ್ಯಾಮೆರಾಗಳು ಹೋದವು. 2008ರ ಡಿಸೆಂಬರಿನಲ್ಲಿ ಒಂದು ವಿಶ್ವಕಪ್ ಸ್ಪರ್ಧೆ ನಡೆಯಿತು. ಅದಾದ ಮೇಲೆ ಗುಡ್ಡ ಮೌನವಾಯ್ತು. ಇಳಿಜಾರಿನ ಮೇಲೆ ಹುಲ್ಲು, ಗೋಪುರದ ಮೇಲೆ ತುಕ್ಕು.

ಡಿಸೈನ್ ತಪ್ಪಿತ್ತಾ? ಇಲ್ಲ. ವಕ್ರರೇಖೆ ಸರಿ ಇತ್ತು, ಕೋನ ಸರಿ ಇತ್ತು, ಆಟ ಸುರಕ್ಷಿತವಾಗೇ ನಡೆಯಿತು. ತಪ್ಪಿದ್ದು ಬೇರೆ ಪ್ರಶ್ನೆ: ಸೋಮವಾರ ಬೆಳಿಗ್ಗೆ ಇಲ್ಲಿ ಯಾರು ಜಿಗಿಯುತ್ತಾರೆ? ಆ ಭಾಗದಲ್ಲಿ ಈ ಆಟಕ್ಕೆ ಬೇರೇ ಇರಲಿಲ್ಲ. ಇಟಲಿಯಲ್ಲಿ ಅದರ ಬೇರು ಇದ್ದದ್ದು ದೇಶದ ಇನ್ನೊಂದು ಮೂಲೆಯ ಪ್ರೆಡಾಝೊ ಕಡೆ. ಅಲ್ಲಿ 1991, 2003, 2013ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗಳೇ ನಡೆದಿವೆ. 2026ರ ಒಲಿಂಪಿಕ್ಸ್ ಮತ್ತೆ ಇಟಲಿಗೆ ಬಂದಾಗ ಏನಾಯ್ತು ಗೊತ್ತಾ? ಬರೀ ಇಪ್ಪತ್ತು ವರ್ಷ ಹಳೆಯ ಪ್ರಜೆಲಾಟೊ ಲೆಕ್ಕಕ್ಕೇ ಬರಲಿಲ್ಲ. ಪ್ರೆಡಾಝೊದ ಗುಡ್ಡಗಳನ್ನು ಒಡೆದು ಹೊಸದಾಗಿ ಕಟ್ಟಿದರು. ಬೇರಿದ್ದ ಕಡೆಗೇ ಹೋದರಲ್ಲ ಅನ್ನೋದು ಸಮಾಧಾನ. ಆದರೆ ಅದೇ ಬುದ್ಧಿ ಇಪ್ಪತ್ತು ವರ್ಷ ಮೊದಲೇ ಬಂದಿದ್ದರೆ ಒಂದು ಕಣಿವೆಯಲ್ಲಿ ಅಷ್ಟು ಕಾಂಕ್ರೀಟ್ ಉಳಿತಾಯ ಆಗ್ತಿತ್ತು.

ಇದಕ್ಕೆ ಎದುರಾಗಿ ಸ್ಲೊವೇನಿಯಾದ ಪ್ಲಾನಿತ್ಸಾ ಇದೆ. ಒಟ್ಟು ಜನಸಂಖ್ಯೆ ಇಪ್ಪತ್ತು ಲಕ್ಷ ಚಿಲ್ಲರೆ, ಅಂದರೆ ಬೆಂಗಳೂರಿನ ಒಂದು ಭಾಗದಷ್ಟು ಜನರ ದೇಶ. ಪ್ಲಾನಿತ್ಸಾದಲ್ಲಿ 200 ಮೀಟರ್ ದಾಟಿ ಹಾರುವ ದೈತ್ಯ ಗುಡ್ಡ ಇರೋದು ನಿಜ. ಆದರೆ ಅದರ ಆಸುಪಾಸಿನಲ್ಲೇ ಚಿಕ್ಕ ಮಕ್ಕಳು ಮೊದಲ ಜಿಗಿತ ಕಲಿಯುವ ಪುಟ್ಟ ಗುಡ್ಡದಿಂದ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ಅಳತೆಯ ಗುಡ್ಡಗಳಿವೆ. ದೈತ್ಯ ಗುಡ್ಡ ಸುದ್ದಿ ಮಾಡುತ್ತೆ, ಆಟಗಾರರನ್ನು ತಯಾರು ಮಾಡೋದು ಆ ಪುಟ್ಟ ಗುಡ್ಡಗಳು. 2025ರ ಮಾರ್ಚಿನಲ್ಲಿ ನಾರ್ವೆಯ ವಿಕೆರ್‌ಸುಂಡ್‌ನಲ್ಲಿ ನಿಕಾ ಪ್ರೆವ್ಟ್ಸ್ 236 ಮೀಟರ್ ಹಾರಿ ಮಹಿಳೆಯರ ವಿಶ್ವದಾಖಲೆ ಬರೆದಳು. ಅದೇ ತಿಂಗಳ ಕೊನೆಗೆ ಪ್ಲಾನಿತ್ಸಾದಲ್ಲಿ ಡೊಮೆನ್ ಪ್ರೆವ್ಟ್ಸ್ 254.5 ಮೀಟರ್ ಹಾರಿ ಪುರುಷರ ದಾಖಲೆ ಮುರಿದ. ಇಬ್ಬರೂ ಅಣ್ಣ ತಂಗಿ, ಸ್ಲೊವೇನಿಯಾದ ಒಂದೇ ಮನೆಯವರು. ದೊಡ್ಡ ಗೋಪುರ ಒಂದನ್ನೇ ಕಟ್ಟಿದ್ದರೆ ಇದು ಆಗ್ತಿರಲಿಲ್ಲ.

ಹಿಮ ಕಡಿಮೆಯಾಗ್ತಿರೋದೂ ಈ ಲೆಕ್ಕದಲ್ಲಿ ಸೇರುತ್ತೆ. ಪೂರ್ವ ಜರ್ಮನಿಯ ಹಾನ್ಸ್ ರೆನ್ನರ್ 1954ರಲ್ಲೇ ಇಳಿಜಾರಿಗೆ ಪ್ಲಾಸ್ಟಿಕ್ ಹಾಸು ಹಾಕಿ, ನೀರು ಚಿಮುಕಿಸಿ, ಬೇಸಿಗೆಯಲ್ಲೂ ಜಿಗಿಯುವ ಉಪಾಯ ಮಾಡಿದ. ಎಷ್ಟೋ ವರ್ಷ ಅದು ಅಭ್ಯಾಸಕ್ಕೆ, ಬೇಸಿಗೆ ಸ್ಪರ್ಧೆಗೆ ಮಾತ್ರ ಇತ್ತು. 2022ರ ನವೆಂಬರಿನಲ್ಲಿ ಪೋಲೆಂಡಿನ ವಿಸ್ವಾದಲ್ಲಿ ಚಳಿಗಾಲದ ವಿಶ್ವಕಪ್ಪೇ ಹಾಗೆ ನಡೆಯಿತು. ಮೇಲೆ ಯಂತ್ರ ತಣ್ಣಗಿಟ್ಟ ಮಂಜುಗಡ್ಡೆಯ ಹಳಿ, ಕೆಳಗೆ ಪ್ಲಾಸ್ಟಿಕ್ ಇಳಿಜಾರು. ನೋಡೋಕೆ ವಿಚಿತ್ರವೇ. ಆದರೆ ವರ್ಷಕ್ಕೆ ಕೆಲವೇ ದಿನ ಬಳಸುವ ಗುಡ್ಡಕ್ಕಿಂತ ವರ್ಷವಿಡೀ ಮಕ್ಕಳು ಜಿಗಿಯುವ ಪ್ಲಾಸ್ಟಿಕ್ ಗುಡ್ಡ ಮೇಲು ಅಂತ ನಾನಂತೂ ಅಂತೀನಿ.

ಬಾಗಿಲಲ್ಲಿ ನಿಲ್ಲಿಸಿದವರು

ಈಗ ನಿಜವಾದ ನೋವಿನ ವಿಷಯ. ಇಷ್ಟು ಚೆನ್ನಾಗಿ ಇಳಿಸುವ ಗುಡ್ಡದ ಮೇಲೆ ಹತ್ತೋಕೆ ಯಾರಿಗೆ ಅವಕಾಶ ಇತ್ತು?

ಪುರುಷರ ಸ್ಕೀ ಜಿಗಿತ 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಿಂದಲೇ ಇದೆ. ಮಹಿಳೆಯರಿಗೆ ಬಾಗಿಲು ತೆರೆದದ್ದು 2014ರಲ್ಲಿ, ಸೋಚಿಯಲ್ಲಿ. ತೊಂಬತ್ತು ವರ್ಷ! ಕೊಟ್ಟ ಕಾರಣಗಳಲ್ಲಿ ಒಂದು ನಮ್ಮ ವಿಷಯಕ್ಕೇ ಸೇರಿದ್ದು. 2005ರಲ್ಲಿ ಅಂತಾರಾಷ್ಟ್ರೀಯ ಸ್ಕೀ ಫೆಡರೇಷನ್ನಿನ ಆಗಿನ ಅಧ್ಯಕ್ಷ ಜಾನ್ ಫ್ರಾಂಕೊ ಕಾಸ್ಪರ್, ಇದು ವರ್ಷಕ್ಕೆ ಸಾವಿರ ಸಲ ಎರಡು ಮೀಟರ್ ಎತ್ತರದಿಂದ ನೆಲಕ್ಕೆ ಹಾರಿದ ಹಾಗೆ, ವೈದ್ಯಕೀಯ ದೃಷ್ಟಿಯಿಂದ ಹೆಂಗಸರಿಗೆ ಸರಿಹೋಗಲ್ಲ ಅನ್ನೋ ಅರ್ಥದ ಮಾತಾಡಿದ್ದರು.

ಮೇಲಿನ ಲೆಕ್ಕಕ್ಕೆ ವಾಪಸ್ ಹೋಗಿ. ನಮ್ಮ ಉದಾಹರಣೆಯಲ್ಲಿ ಬಂದದ್ದು 0.78 ಮೀಟರ್. ತುಂಬಾ ದೂರ ಹಾರಿದಾಗ ಇದು ಏರುತ್ತೆ, ಒಪ್ಪಿಕೊಳ್ಳೋಣ. ಬೇಕಿದ್ದರೆ ಎರಡು ಮೀಟರ್ ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ಸೂತ್ರದಲ್ಲಿ ವೇಗ ಇದೆ, ಕೋನ ಇದೆ, ಗುರುತ್ವ ಇದೆ. ಹೆಣ್ಣು ಗಂಡು ಅನ್ನೋ ಪದ ಎಲ್ಲಿದೆ? ಬಡಿತ ಜಾಸ್ತಿ ಅನಿಸಿದರೆ ಗೇಟು ಇಳಿಸಬಹುದು, ಇಳಿಜಾರು ತಿದ್ದಬಹುದು. ಬೊಕ್ಲೋವ್ ಕಾಲು ಅಗಲಿಸಿದಾಗ ಜಗತ್ತು ಗುಡ್ಡ ತಿದ್ದಿಕೊಂಡಿತಲ್ಲ? ಹೆಣ್ಣುಮಕ್ಕಳು ಬಂದಾಗ ಮಾತ್ರ ಗುಡ್ಡ ತಿದ್ದುವ ಬದಲು ಗೇಟಿಗೇ ಬೀಗ. ಎಂಜಿನಿಯರಿಂಗ್ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಅದನ್ನು ನೆಪ ಮಾಡಿಕೊಂಡರು ಅಂತಲೇ ನಾನು ಹೇಳೋದು.

2010ರ ವ್ಯಾಂಕೂವರ್ ಒಲಿಂಪಿಕ್ಸ್ ಹೊತ್ತಿಗೆ ಪರಿಸ್ಥಿತಿ ನಗೆಪಾಟಲಾಗಿತ್ತು. ವಿಸ್ಲರ್‌ನ ಒಲಿಂಪಿಕ್ ನಾರ್ಮಲ್ ಹಿಲ್‌ನಲ್ಲಿ, ಕ್ರೀಡಾಕೂಟಕ್ಕೆ ಮುಂಚೆ ಗಂಡಸರು ಹೆಂಗಸರು ಎಲ್ಲರನ್ನೂ ಸೇರಿಸಿ ಅತಿ ದೂರದ ಜಿಗಿತದ ದಾಖಲೆ ಇದ್ದದ್ದು ಅಮೆರಿಕದ ಲಿಂಡ್ಸೆ ವ್ಯಾನ್ ಎಂಬ ಹುಡುಗಿಯ ಹೆಸರಲ್ಲಿ. ಅವಳು 2009ರಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್ ಕೂಡ. ಒಲಿಂಪಿಕ್ಸ್‌ನಲ್ಲಿ ಮಾತ್ರ ಅವಳಿಗೆ ಆ ಗುಡ್ಡ ಇಲ್ಲ. ಅವಳೂ ಸೇರಿ ಹದಿನೈದು ಮಂದಿ ಕೆನಡಾದ ಕೋರ್ಟಿಗೆ ಹೋದರು. 2009ರ ಜುಲೈನಲ್ಲಿ ನ್ಯಾಯಾಧೀಶರು, ಇದು ತಾರತಮ್ಯವೇ ಹೌದು ಅಂತ ಒಪ್ಪಿದರು. ಆದರೆ ಯಾವ ಆಟ ಇರಬೇಕು ಅಂತ ತೀರ್ಮಾನಿಸೋದು ಸ್ಥಳೀಯ ಸಂಘಟಕರಲ್ಲ, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ, ಅದು ನಮ್ಮ ಕಾನೂನಿನ ಕೈಗೆ ಸಿಗಲ್ಲ ಅಂತಲೂ ಹೇಳಿದರು. ತಪ್ಪು ಇದೆ, ತಪ್ಪು ಮಾಡಿದವರಿಗೆ ವಿಳಾಸ ಇಲ್ಲ! ಗುಡ್ಡ ಕಟ್ಟಿದ್ದು ಆ ದೇಶದ ಜನರ ದುಡ್ಡಿನಲ್ಲಿ ಅನ್ನೋದನ್ನು ಮರೀಬೇಡಿ.

ಅದೇ 2010ರ ಮಾರ್ಚ್‌ನಲ್ಲಿ ಹೊಸ ಹೊಲ್ಮೆನ್‌ಕೊಲೆನ್ ತೆರೆದಾಗ, ಮೊದಲ ಜಿಗಿತ ಯಾರದ್ದಾಗಬೇಕು ಅಂತ ಜನರ ಮತ ಕೇಳಿದರು. ಜನ ಆರಿಸಿದ್ದು ಅನೆಟ್ಟೆ ಸಾಗೆನ್‌ಳನ್ನು. ದೊಡ್ಡ ಗುಡ್ಡಗಳಲ್ಲಿ ಹೆಣ್ಣುಮಕ್ಕಳಿಗೂ ಅವಕಾಶ ಬೇಕು ಅಂತ ವರ್ಷಗಟ್ಟಲೆ ಹೋರಾಡಿದವಳು ಅವಳು. ಆದರೆ ಅವಳು ಜಿಗಿಯುವ ಮೊದಲೇ, ಪರೀಕ್ಷಾ ಜಿಗಿತ ಅಂತ ಹೇಳಿ, ಪುರುಷರ ತಂಡದ ಬ್ಯೋರ್ನ್ ಐನಾರ್ ರೊಮೊರೆನ್ ಜಿಗಿದಾಗಿತ್ತು. ನಾರ್ವೆಯಲ್ಲಿ ದೊಡ್ಡ ಗಲಾಟೆಯಾಯ್ತು. ಹೊಸ ಗುಡ್ಡವನ್ನು ಪರೀಕ್ಷೆ ಮಾಡಲೇಬೇಕು, ಸರಿ. ಆ ಪರೀಕ್ಷೆಯನ್ನು ಅವಳೇ ಯಾಕೆ ಮಾಡಬಾರದಿತ್ತು?

ಇನ್ನೊಂದು ವಾದವೂ ಇತ್ತು: ಈ ಆಟ ಆಡುವ ಹೆಂಗಸರು ತುಂಬಾ ಕಡಿಮೆ, ಕೆಲವೇ ದೇಶದವರು. ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದರೆ ಒಳ್ಳೆಯ ಗುಡ್ಡದಲ್ಲಿ ಅಭ್ಯಾಸಕ್ಕೆ ಬಿಡದೆ, ಸ್ಪರ್ಧೆ ನಡೆಸದೆ, ಪ್ರಾಯೋಜಕರು ಬರೋಕೆ ಕಾರಣವೇ ಕೊಡದೆ ಇದ್ದರೆ ಸಂಖ್ಯೆ ಎಲ್ಲಿಂದ ಬೆಳೆಯಬೇಕು? ಸೇತುವೆ ಇಲ್ಲದ ಹೊಳೆಯನ್ನು ಯಾರೂ ದಾಟ್ತಿಲ್ಲ, ಹಾಗಾಗಿ ಸೇತುವೆ ಬೇಡ ಅಂದ ಹಾಗಾಯ್ತು. ಸೋಚಿಯಲ್ಲಿ ಜರ್ಮನಿಯ ಕರೀನಾ ಫೋಗ್ಟ್ ಮೊದಲ ಚಿನ್ನ ಗೆದ್ದು ಹನ್ನೊಂದೇ ವರ್ಷಕ್ಕೆ ನಿಕಾ ಪ್ರೆವ್ಟ್ಸ್ 236 ಮೀಟರ್ ಹಾರಿದಳು. ಸೇತುವೆ ಕಟ್ಟಿದ ಮೇಲೆ ಜನ ದಾಟಿದರು, ಅಷ್ಟೇ. ದೊಡ್ಡ ಗುಡ್ಡದಲ್ಲಿ ಮಹಿಳೆಯರ ಒಲಿಂಪಿಕ್ ಸ್ಪರ್ಧೆಯನ್ನು ಸೇರಿಸಿದ್ದು 2026ಕ್ಕೆ. ಜಿಗಿತ ಮತ್ತು ಓಟ ಎರಡೂ ಸೇರಿದ ನಾರ್ಡಿಕ್ ಕಂಬೈನ್ಡ್ ಅನ್ನೋ ಆಟದಲ್ಲಿ ಮಾತ್ರ 2026ರಲ್ಲೂ ಮಹಿಳೆಯರಿಗೆ ಜಾಗ ಸಿಗಲಿಲ್ಲ. ಅಲ್ಲೂ ಹೇಳಿದ ಕಾರಣ ಹಳೆಯದೇ: ಸಂಖ್ಯೆ ಸಾಲದು.

ಹಿಮ ಇಲ್ಲದ ಊರಿನವರಿಗೆ

“ನಮ್ಮೂರಲ್ಲಿ ಹಿಮ ಬೀಳಲ್ಲ, ನಮಗ್ಯಾಕಪ್ಪಾ ಇದೆಲ್ಲ?” ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟು. ಸ್ಕೀ ಜಂಪ್ ಗುಡ್ಡ ಒಂದು ಅಪರೂಪದ ರಚನೆ. ಅಲ್ಲಿ ಲೆಕ್ಕ ತಪ್ಪಿದರೆ ಐದು ಸೆಕೆಂಡಿನಲ್ಲಿ ಗೊತ್ತಾಗುತ್ತೆ. ನಾವು ಮುಂದೆ ಕಟ್ಟಲಿರುವ ಹೆಚ್ಚಿನ ವಸ್ತುಗಳಲ್ಲಿ ಹಾಗಲ್ಲ. ಆ್ಯಪ್ ಇರಲಿ, ಬಸ್ ನಿಲ್ದಾಣ ಇರಲಿ, ನೀರಿನ ಪಂಪ್ ಇರಲಿ, ತಪ್ಪು ಗೊತ್ತಾಗೋಕೆ ವರ್ಷಗಳು ಬೇಕು. ಅಷ್ಟರಲ್ಲಿ ಉದ್ಘಾಟನೆಯ ಫೋಟೊ ಹಳದಿಯಾಗಿರುತ್ತೆ, ಮಾಡಿದವರು ಬೇರೆ ಕಂಪನಿಯಲ್ಲಿರುತ್ತಾರೆ.

ನಮ್ಮ ಓದು ನಮಗೆ ಟೇಬಲ್‌ವರೆಗೆ ಮಾತ್ರ ಕಲಿಸುತ್ತೆ. ಫೈನಲ್ ಇಯರ್ ಪ್ರಾಜೆಕ್ಟ್ ನೋಡಿ. ಡೆಮೊ ದಿನ ಮಾಡೆಲ್ ಓಡಬೇಕು, ಎಲ್‌ಇಡಿ ಹೊತ್ತಬೇಕು, ಪಿಪಿಟಿ ಚೆನ್ನಾಗಿರಬೇಕು. ಮರುದಿನ ಆ ಮಾಡೆಲ್ ಲ್ಯಾಬಿನ ಬೀರುವಿನ ಮೇಲೆ ಧೂಳು ತಿನ್ನುತ್ತೆ. ಪ್ರತಿ ಡಿಪಾರ್ಟ್‌ಮೆಂಟಿನಲ್ಲೂ ಅಂಥ ಒಂದೊಂದು ಬೀರು ಇದೆ, ಅವೆಲ್ಲ ನಮ್ಮ ಪುಟ್ಟ ಪುಟ್ಟ ಪ್ರಜೆಲಾಟೊಗಳು.

ಅದಕ್ಕೆ ಒಂದು ಸಲಹೆ, ಖರ್ಚಿಲ್ಲದ್ದು. ಈ ವರ್ಷ ಪ್ರಾಜೆಕ್ಟ್ ರಿಪೋರ್ಟಿನ ಕೊನೆಗೆ, ‘ಫ್ಯೂಚರ್ ಸ್ಕೋಪ್’ ಅಂತ ಎಲ್ಲರೂ ಕಾಪಿ ಹೊಡೆಯುವ ಆ ಅರ್ಧ ಪುಟದ ಜಾಗದಲ್ಲಿ, ಮೂರು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಬರೆಯೋಣ. ಡೆಮೊ ಮುಗಿದ ಮರುದಿನ ಇದನ್ನು ಯಾರು ಬಳಸ್ತಾರೆ? ಕೆಟ್ಟರೆ ಯಾರು, ಯಾರ ದುಡ್ಡಲ್ಲಿ ರಿಪೇರಿ ಮಾಡ್ತಾರೆ? ನಮಗೆ ಗೊತ್ತಿಲ್ಲದ ಹಾಗೆ ಯಾರನ್ನು ಬಾಗಿಲಲ್ಲೇ ನಿಲ್ಲಿಸಿದ್ದೇವೆ? ಮೂರನೆಯದಕ್ಕೆ “ಯಾರನ್ನೂ ಇಲ್ಲ” ಅಂತ ಬರೆಯುವ ಮುಂಚೆ ಒಂದು ಸಲ ಸುತ್ತ ನೋಡಿ. ಕನ್ನಡ ಮಾತ್ರ ಓದಬಲ್ಲ ನಿಮ್ಮ ಅಜ್ಜಿಗೆ ನಿಮ್ಮ ಆ್ಯಪ್ ತೆರೆಯೋಕೆ ಬರುತ್ತಾ? ಗಾಲಿಕುರ್ಚಿಯಲ್ಲಿ ಬರುವ ಜೂನಿಯರ್ ನಿಮ್ಮ ಮಾಡೆಲ್ ಕಟ್ಟಡದ ಒಳಗೆ ಹೋಗೋಕೆ ಆಗುತ್ತಾ?

ಗೈಡ್ ಮೇಷ್ಟ್ರು ಇದಕ್ಕೆ ಅಂಕ ಕೊಡ್ತಾರೋ ಇಲ್ಲವೋ ಗೊತ್ತಿಲ್ಲ. ಬೊಕ್ಲೋವ್‌ಗೂ ಶುರುವಿನಲ್ಲಿ ಅಂಕ ಕೊಡಲಿಲ್ಲ. ಬರೆದು ನೋಡೋಣ.